ಕಲ್ಲುಗುಂಪಿಯ ಮಗಳು

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಕನಮಡಿಯ ಬಯಲಲ್ಲಿ, ನಮ್ಮ ಹೊಲದ ಮೇಲ್ತುದಿಗೆ, ಒಂದು ಹಳೆಯ ಕಲ್ಲುಗುಂಪಿ ಇದೆ. ದನಗಳು ಹತ್ತಿ ಉರುಳಿಸಿದ ಕಲ್ಲನ್ನು ಮತ್ತೆ ಮೇಲಿಡುವಾಗ ಬಿದ್ದ ಪೆಟ್ಟು ಅದು. ಆ ಉಗುರನ್ನು ಅವರು ಒಡವೆಯಂತೆ ಎಲ್ಲರಿಗೂ ತೋರಿಸುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ವಿಜಯಪುರದಿಂದ ಕಾಲೇಜಿನ ಮಾಸ್ತರರೊಬ್ಬರು ಬಂದಿದ್ದರು. ಗುಂಪಿಯನ್ನು ಸುತ್ತಿ ನೋಡಿ, ಇದು ರಾಜರ ಕಾಲಕ್ಕಿಂತ ಎಷ್ಟೋ ಹಿಂದಿನವರ ಗೋರಿ, ಒಳಗಿರುವುದು ಗಂಡೋ ಹೆಣ್ಣೋ ಹೇಳಲಾಗದು ಎಂದರು. ಅತ್ತೆಗೆ ಅನುಮಾನವೇ ಇರಲಿಲ್ಲ.

"ಹೆಣ್ಣಮಗಳ ಅದಾಳ್ರಿ. ಇಷ್ಟ ಕಾಲ ಬಾಯಿ ಮುಚಗೊಂಡು ಮಲಗ್ಯಾಳಂದ್ರ ಮತ್ತ್ಯಾರಿರ್ತಾರ?"

ಅಂದಿನಿಂದ ಅವಳು ಅವರ ಮಗಳಾದಳು. ಹೆತ್ತದ್ದೆಲ್ಲ ಗಂಡು, ಹೆಣ್ಣಿನ ಆಸೆಯನ್ನು ಕಲ್ಲಿನ ಹತ್ತಿರ ತೀರಿಸಿಕೊಂಡರು. ಎಳ್ಳಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿದ ಮೇಲೆ ಮೊದಲ ಸಜ್ಜಿ ರೊಟ್ಟಿ, ಎಣ್ಣೆಗಾಯಿಯ ಸಮೇತ, ಗುಂಪಿಯ ಬುಡಕ್ಕೆ ಹೋಗುತ್ತಿತ್ತು. "ಉಣ್ಣ ಮಗಳ" ಎಂದು ಕಲ್ಲು ಸವರುತ್ತಿದ್ದರು. ಆಮೇಲೆ ನನ್ನತ್ತ ತಿರುಗಿ, "ಎಲ್ಲಾರಿಗೂ ನೀಡ ಬೇ" ಎನ್ನುತ್ತಿದ್ದರು. ನಸುಕಿನಲ್ಲೆದ್ದು ಆ ರೊಟ್ಟಿ ಬಡಿದವಳು ನಾನು.

ಒಂದು ಸಲ ತಡೆಯಲಾಗಲಿಲ್ಲ.

"ಅತ್ತ್ಯಾರ, ಸತ್ತಾಕಿ ಮಗಳು, ಕಣ್ಮುಂದ ಇದ್ದಾಕಿ ಬರೇ ಸೊಸಿ ಏನ್ರಿ?"

ಅವರು ನಕ್ಕರು. "ನಿನಗ ತವರಮನಿ ಐತಿ. ಅಕಿಗೆ ಯಾರದಾರ?"

ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಸಿಟ್ಟು ಹೆಚ್ಚಾಯಿತು. ಅವತ್ತು ಸಂಜೆ ಅವರ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಗೊತ್ತಾದರೂ ಪೂರ್ತಿ ಕುಡಿದು, ಕಪ್ಪು ತೊಳೆದಿಟ್ಟರು.

ಹೋದ ಬೇಸಿಗೆಯಲ್ಲಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ, "ಮಗಳ, ನೀರ ಕೊಡ" ಎಂದರು. ಯಾರನ್ನು ಕರೆದರೋ, ನಾನು ಕೇಳಲಿಲ್ಲ. ಓಡಿಹೋಗಿ ತಂದು ಕುಡಿಸಿದೆ. ಗುಂಪಿಯವಳಿಂದ ಅದು ಆಗುತ್ತಿರಲಿಲ್ಲ. ಆ ವಾರವೇ ತೀರಿಕೊಂಡರು.

ಅವರೇ ಹೇಳಿಟ್ಟಂತೆ ಗುಂಪಿಯ ಪಕ್ಕದಲ್ಲಿ ಮಣ್ಣು ಕೊಟ್ಟೆವು. ಈಗ ಇಬ್ಬರೂ ಅಕ್ಕಪಕ್ಕ ಮಲಗಿದ್ದಾರೆ. ನನ್ನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.

ಈ ಸಲದ ಎಳ್ಳಮವಾಸ್ಯೆಗೆ ಮೊದಲ ರೊಟ್ಟಿಯನ್ನು ಅತ್ತೆಗೇ ಇಟ್ಟೆ. "ಉಣ್ಣವ್ವಾ" ಎಂದೆ. ಬದುಕಿದ್ದಾಗ ಹಾಗೆ ಕರೆದಿರಲಿಲ್ಲ. ಗುಂಪಿಯವಳಿಗೆ ಎರಡನೆಯದು. ಏಳುವಾಗ ನೋಡಿದರೆ ಒಂದು ಕಲ್ಲು ಉರುಳಿ ಬದುವಿಗೆ ಬಂದಿತ್ತು. ಬೈಯುತ್ತಲೇ ಎತ್ತಿ ಮೇಲಿಟ್ಟೆ. ಅವಳಿಗೆ ಇನ್ನು ಯಾರಿದ್ದಾರೆ?