ಪ್ರಶ್ನೆ ಕೇಳದ ಇಪ್ಪತ್ತು ನಿಮಿಷ

ಏನು ಕೆಲಸ ಮಾಡ್ತೀಯ ಎಂದು ಯಾರಾದರೂ ಕೇಳಿದರೆ ಕಾಲೇಜಿನ ಆಫೀಸಿನಲ್ಲಿದ್ದೇನೆ ಎಂದು ಹೇಳಿ ಮಾತು ಬದಲಾಯಿಸುತ್ತೇನೆ. ಸುಳ್ಳೇನಲ್ಲ. ಫೀಲ್ಡ್ ವರ್ಕ್ ವಿಭಾಗದ ಗುಮಾಸ್ತ ನಾನು. ಪತ್ರ ಟೈಪ್ ಮಾಡುತ್ತೇನೆ, ಸೀಲು ಒತ್ತುತ್ತೇನೆ, ಕಳೆದುಹೋದ ಹಾಜರಿ ಹಾಳೆಗಳನ್ನು ಹುಡುಕಿ ಮತ್ತೆ ಕಳೆಯುತ್ತೇನೆ. ಆದರೆ ವರ್ಷದಲ್ಲಿ ಎರಡು ವಾರ ನನಗೆ ಇನ್ನೊಂದು ಕೆಲಸವಿದೆ. ಮುಖ ಊದಿಸಿಕೊಂಡು ಕೂರುವುದು. ಇಪ್ಪತ್ತೇಳು ವರ್ಷದ ನಾನು ಆ ಎರಡು ವಾರ ಹದಿನೈದರ ಸಿಡುಕು ಹುಡುಗನಾಗಿ, ಯಾರು ಬಂದರೂ ತಿರುಗಿ ನೋಡದೆ ಕಿಟಕಿಯ ಕಡೆ ಮುಖಮಾಡಿ ಕೂರಬೇಕು. "ಅದಕ್ಕೆ ಆ್ಯಕ್ಟಿಂಗ್ ಬೇರೆ ಬೇಕಾ? ಮನೇಲಿ ದಿನಾ ಫ್ರೀಯಾಗೇ ಮಾಡ್ತೀಯಲ್ಲ" ಎನ್ನುತ್ತಾಳೆ ನನ್ನಕ್ಕ.

ನನ್ನನ್ನು ಈ ಕೆಲಸಕ್ಕೆ ಹಚ್ಚಿದವರು ಮೇಡಂ. ಹದಿಹರೆಯದವರ ಜೊತೆ ಕೆಲಸ ಮಾಡುವುದನ್ನು ಕಲಿಸುವ ಎರಡು ವರ್ಷದ ಕೋರ್ಸು ನಮ್ಮದು. ಓದಿದ್ದು ಸಾಲದು, ಕೊನೆಯ ವರ್ಷ ಯಾವುದಾದರೂ ಯುವ ಕೇಂದ್ರಕ್ಕೆ ಹೋಗಿ ಮೂರು ತಿಂಗಳು ಕೆಲಸ ಮಾಡಬೇಕು. ಹಾಗೆ ಹೋಗುವವರನ್ನು ತಯಾರು ಮಾಡುವುದು ಮೇಡಂ ಪಾಲಿಗೆ ಬಂದಿದೆ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದಾರೆ. ಹೆಗಲಿಗೊಂದು ಬಟ್ಟೆ ಚೀಲ, ಅದರಲ್ಲಿ ಒಂದು ಫ್ಲಾಸ್ಕು, ಎರಡೂ ಮಂಡಿಗೆ ಕಟ್ಟಿದ ಬ್ಯಾಂಡು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ನೋಟಿಸ್ ಬೋರ್ಡ್ ಓದುವವರಂತೆ ನಟಿಸುತ್ತಾರೆ. ಆ ಬೋರ್ಡಿನ ಮೇಲೆ ಮೂರು ವರ್ಷದಿಂದ ಒಂದೇ ನೋಟಿಸಿದೆ.

ಸಂಜೆ ಊರಾಚೆಯಿಂದ ಅವರ ಮಗಳ ಫೋನು ಬರುತ್ತದೆ. ಮಾತ್ರೆ ತಗೊಂಡ್ಯಾ, ಊಟ ಸರಿಯಾಗಿ ಮಾಡಿದ್ಯಾ, ಡಾಕ್ಟರ್ ಏನಂದ್ರು, ಮಂಡಿ ನೋವಿದೆಯಾ? ಆ ಕಡೆಯ ದನಿ ನನ್ನ ಮೇಜಿನವರೆಗೂ ಕೇಳುತ್ತದೆ. ಮೇಡಂ "ಹೂಂ", "ಹೂಂ", "ಇಲ್ಲ ಬಿಡು" ಎಂದು ಇಡುತ್ತಾರೆ.

ಮೇಡಂ ತಯಾರಿಯಲ್ಲಿ ಭಾಷಣ ಕಡಿಮೆ. ಇರುವುದು ಒಂದೇ ಪರೀಕ್ಷೆ. ಕೋಣೆ ನಂಬರ್ ಒಂಬತ್ತರಲ್ಲಿ, ಮುರಿದ ಬೆಂಚುಗಳ ನಡುವೆ ನಾನು ಮುನಿಸಿಕೊಂಡು ಕೂತಿರುತ್ತೇನೆ. ವಿದ್ಯಾರ್ಥಿ ಒಳಗೆ ಬಂದು ನನ್ನ ಜೊತೆ ಇಪ್ಪತ್ತು ನಿಮಿಷ ಇರಬೇಕು. ಮಾತಾಡಬಹುದು, ಹಾಡು ಗುನುಗಬಹುದು, ಸುಮ್ಮನಿರಬಹುದು. ಆದರೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಬಾರದು. ಕೇಳಿದರೆ ಮೂಲೆಯಲ್ಲಿ ಕೂತ ಮೇಡಂ ಪೆನ್ನಿನಿಂದ ಬೆಂಚು ಕುಟ್ಟುತ್ತಾರೆ. ಆಟ ಮುಗಿಯಿತು.

"ಆ ವಯಸ್ಸಿನವರಿಗೆ ಬೆಳಗ್ಗೆ ಎದ್ದಾಗಿಂದ ದೊಡ್ಡವರು ಕೇಳೋದು ಬರೀ ಪ್ರಶ್ನೆ. ಎಲ್ಲಿಗೆ ಹೋಗಿದ್ದೆ, ಮಾರ್ಕ್ಸ್ ಎಷ್ಟು, ಜೊತೆಗಿದ್ದವರು ಯಾರು" ಎನ್ನುತ್ತಾರೆ ಮೇಡಂ. "ನೀವೂ ಹೋಗಿ ಅದನ್ನೇ ಕೇಳಿದ್ರೆ ನಿಮಗೂ ಪೊಲೀಸರಿಗೂ ಏನ್ರಪ್ಪಾ ವ್ಯತ್ಯಾಸ?"

ಕೇಳುವುದಕ್ಕೆ ಸುಲಭ. ಹತ್ತೊಂಬತ್ತು ನಿಮಿಷ ಋಷಿಯಂತೆ ಕೂತಿದ್ದವನೊಬ್ಬ ಕೊನೆಗೆ "ಫ್ಯಾನ್ ಹಾಕಲಾ?" ಎಂದು ಮಣ್ಣು ಮುಕ್ಕಿದ್ದನ್ನು ನಾನೇ ಕಂಡಿದ್ದೇನೆ.

ಈ ವರ್ಷ ಎಲ್ಲರೂ ಹೇಗೋ ದಾಟಿಕೊಂಡರು, ಒಬ್ಬಳನ್ನು ಬಿಟ್ಟು. ಅವಳನ್ನು ಎಲ್ಲರೂ ಫಸ್ಟ್ ಬೆಂಚ್ ಎಂದೇ ಕರೆಯುತ್ತಿದ್ದರು. ಬರೆಯುವ ಪರೀಕ್ಷೆಯಲ್ಲಿ ಅವಳೇ ಮೊದಲು. ನೋಟ್ಸು ಮೂರು ಬಣ್ಣದಲ್ಲಿ. ಹೋದ ವರ್ಷ, ಮೇಡಂ ರಜೆಯಲ್ಲಿದ್ದುದರಿಂದ ಈ ಪರೀಕ್ಷೆಯಿಲ್ಲದೆಯೇ ಅವಳನ್ನು ಯುವ ಕೇಂದ್ರಕ್ಕೆ ಕಳಿಸಿದಾಗ ನಲವತ್ತು ಪ್ರಶ್ನೆಗಳ ಫಾರ್ಮು ತಯಾರಿಸಿಕೊಂಡು ಹೋಗಿ, ಒಬ್ಬೊಬ್ಬರನ್ನೇ ಹಿಡಿದು ಕೂರಿಸಿ ತುಂಬಿಸತೊಡಗಿದ್ದಳು. ಮೂರನೇ ದಿನಕ್ಕೆ ಕೇಂದ್ರ ಖಾಲಿ. ನಾಲ್ಕನೇ ದಿನ ಅವಳು ವಾಪಸ್. ನಮ್ಮ ಕೋರ್ಸಿನ ನಿಯಮದಂತೆ ಎರಡನೇ ಸಲ ವಾಪಸ್ ಬಂದರೆ ಹೆಸರು ಹೊಡೆದುಹಾಕುತ್ತಾರೆ. ಎರಡು ವರ್ಷದ ಓದು ನೀರಿನಲ್ಲಿ ಹೋಮ. ಈ ಸಲ ಅವಳಿಗೆ ಉಳಿದಿದ್ದು ಅದೇ ಕೇಂದ್ರ, ಅದೂ ಮೇಡಂ ಸಹಿ ಬಿದ್ದರೆ.

ಸೋಮವಾರ ಅವಳು ಆರು ನಿಮಿಷ ತಡೆದಳು. ಮಂಗಳವಾರ ನಾಲ್ಕು. ಬುಧವಾರ ಬಾಗಿಲಲ್ಲೇ ನಿಂತು "ಒಳಗೆ ಬರಲಾ?" ಎಂದಳು. ಮೇಡಂ ಪೆನ್ನು ಎತ್ತಿದವರು ಕುಟ್ಟಲು ಮನಸ್ಸಾಗದೆ ಹಣೆ ಉಜ್ಜಿಕೊಂಡರು.

ಶುಕ್ರವಾರ ಕೊನೆಯ ದಿನ. ಅವತ್ತು ಅವಳಿಗಿಂತ ಮುಂಚೆ ಹನ್ನೊಂದು ಜನ ಬಂದುಹೋಗಿದ್ದರು. ಮುನಿಸಿಕೊಂಡು ಮುನಿಸಿಕೊಂಡು ನನ್ನ ದವಡೆ ನೋಯುತ್ತಿತ್ತು. ಮೂಲೆಯಲ್ಲಿ ಮೇಡಂ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಐದನೇ ನಿಮಿಷಕ್ಕೆ ಫಸ್ಟ್ ಬೆಂಚ್ ಮುಖದಲ್ಲಿ ಪ್ರಶ್ನೆಯೊಂದು ಸೀನಿನ ಹಾಗೆ ಏರಿ ಬರುತ್ತಿರುವುದು ಕಂಡಿತು. ನನಗೇನಾಯಿತೋ, ಅದು ಬಾಯಿಗೆ ಬರುವ ಮೊದಲೇ ನಾನೇ ಬಾಯಿಬಿಟ್ಟೆ.

"ನಂಗೆ ಈ ಜಾಗಾನೇ ಇಷ್ಟ ಇಲ್ಲ. ಅಪ್ಪ ಬಲವಂತವಾಗಿ ಕಳಿಸಿದ್ದು."

ಶುರುವಾದದ್ದು ನಿಲ್ಲಲಿಲ್ಲ. ಇಲ್ಲದ ಕೋಪಿಷ್ಠ ಅಪ್ಪ, ಇಲ್ಲದ ತಮ್ಮ, ಇಲ್ಲದ ತಮ್ಮ ಮುರಿದ ಇಲ್ಲದ ಬ್ಯಾಟು. ಹದಿನೈದು ನಿಮಿಷ ನಾನೇ ಹರಿದೆ. ಅವಳು ತಲೆಯಾಡಿಸಿದಳು, ಅಷ್ಟೇ. ಗಡಿಯಾರದ ಮುಳ್ಳು ಇಪ್ಪತ್ತಕ್ಕೆ ಬಂತು. ಮೇಡಂ ಕಣ್ಣು ತೆರೆದು, ಅವಳ ಅನುಮತಿ ಫಾರ್ಮು ಎಳೆದುಕೊಂಡು ಸಹಿ ಹಾಕಿದರು. ಫಸ್ಟ್ ಬೆಂಚ್ ಅತ್ತೇಬಿಟ್ಟಳು. ನಾನು ಯಾರದೋ ಬಾಳು ಬೆಳಗಿದವನಂತೆ ಎದೆಯುಬ್ಬಿಸಿಕೊಂಡು ಮನೆಗೆ ಹೋದೆ.

ಶನಿವಾರ ಕೇಂದ್ರಕ್ಕೆ ಪತ್ರ ಟೈಪ್ ಮಾಡಬೇಕಿತ್ತು. "ಈ ವಿದ್ಯಾರ್ಥಿನಿ ಸಿದ್ಧಳಾಗಿದ್ದಾಳೆ" ಎಂಬಲ್ಲಿಗೆ ಬಂದಾಗ ಕೈ ಓಡಲಿಲ್ಲ. ಎದ್ದು ಮೇಡಂ ಮೇಜಿನ ಹತ್ತಿರ ಹೋದೆ.

"ಮೇಡಂ, ನಿನ್ನೆ ನಾನು..."

"ಗೊತ್ತು ಬಿಡೋ. ಕಣ್ಣು ಮುಚ್ಚಿತ್ತು. ಕಿವಿ ಮುಚ್ಚಿತ್ತಾ?"

"ಮತ್ತೆ ಸಹಿ ಯಾಕೆ ಹಾಕಿದ್ರಿ?"

ಮೇಡಂ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು, ಮತ್ತೆ ಮುಚ್ಚಿದರು. "ಸಾಕಾಗಿತ್ತು ಕಣೋ. ಇನ್ನೊಂದ್ಸಲ ಆ ಹುಡುಗಿಗೆ ಇಲ್ಲ ಅನ್ನೋಕೆ ನನ್ನ ಕೈಲಿ ಆಗ್ಲಿಲ್ಲ."

"ಪತ್ರ ನಿಲ್ಲಿಸ್ಲಾ?"

"ಬೇಡ. ಹಾಕಿದ್ದು ಹಾಕಾಯ್ತು. ಸೋಮವಾರದಿಂದ ಸಂಜೆ ನಾನೂ ಅಲ್ಲಿಗೆ ಹೋಗ್ತೀನಿ. ನೀನೂ ಬಾ."

"ನಾನ್ಯಾಕೆ ಮೇಡಂ?"

"ಯಾಕೆ ಅಂದ್ರೆ? ಬಾಯಿಗೆ ಅಷ್ಟು ಕೆಲಸ ಕೊಟ್ಟವನು ಕೈಗೂ ಸ್ವಲ್ಪ ಕೊಡು. ಅಲ್ಲಿ ಕುರ್ಚಿ ಜೋಡಿಸೋಕೆ ಜನ ಇಲ್ಲ."

ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಬೀಗ ಬಿದ್ದ ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಹಾಲ್‌ನಲ್ಲಿ ಕೇಂದ್ರ. ಒಂದು ಕಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಟೇಬಲ್ ಟೆನಿಸ್ ಮೇಜು, ನಾಲ್ಕು ಕಿಟಕಿ, ಗೋಡೆಯ ಮೇಲೆ ಯಾರೂ ಪಾಲಿಸದ ನಿಯಮಗಳು. ಅದನ್ನು ನಡೆಸುವಾಕೆಯನ್ನು ಮಕ್ಕಳೆಲ್ಲ ಚಿಕ್ಕಮ್ಮ ಎನ್ನುತ್ತಾರೆ. ಮೊದಲ ವಾರದ ಕೊನೆಗೆ ಚಿಕ್ಕಮ್ಮ ಒಂದು ಚೀಟಿ ಬರೆಯುತ್ತಾರೆ. ವಿದ್ಯಾರ್ಥಿ ಉಳಿಯಬಹುದೋ, ವಾಪಸ್ಸೋ ಎಂಬುದು ಅದರಲ್ಲಿ ತೀರ್ಮಾನ.

ಫಸ್ಟ್ ಬೆಂಚ್‌ಗೆ ಚಿಕ್ಕಮ್ಮ ಒಪ್ಪಿಸಿದ್ದು ಹದಿನಾಲ್ಕು ವರ್ಷದ ಒಬ್ಬ ಹುಡುಗಿಯನ್ನು. ಎರಡು ತಿಂಗಳಿಂದ ದಿನಾ ಬಂದು ಕಿಟಕಿಯ ಪಕ್ಕ ಕೂತು, ಒಂದು ಮಾತೂ ಆಡದೆ ಎದ್ದು ಹೋಗುವವಳು. ಅವಳನ್ನು ನೋಡಿದ ಮೇಲೆ ನನ್ನ ಮುನಿಸು ಎಷ್ಟು ಸೋವಿ ಮಾಲು ಎಂದು ತಿಳಿಯಿತು. ಸೋಮವಾರ ಫಸ್ಟ್ ಬೆಂಚ್ ಮೂರು ಪ್ರಶ್ನೆ ಕೇಳಿದಳು. ಹುಡುಗಿ ಎದ್ದು ಇನ್ನೊಂದು ಕಿಟಕಿಗೆ ಹೋದಳು. ಮಂಗಳವಾರ ಒಂದೇ ಪ್ರಶ್ನೆ, ಮೂರನೇ ಕಿಟಕಿ. ಬುಧವಾರ ಪ್ರಶ್ನೆಯಿಲ್ಲ. ಆದರೆ ಕೇಳದ ಪ್ರಶ್ನೆಯೆಲ್ಲ ಮುಖದ ಮೇಲೇ ಕೂತಿತ್ತು. ನಾಲ್ಕನೇ ಕಿಟಕಿ. ಇನ್ನು ಕಿಟಕಿ ಉಳಿದಿರಲಿಲ್ಲ.

"ಮೇಡಂ, ನಿಮ್ಮ ಸಹಿ ನೋಡಿ ಒಪ್ಪಿಕೊಂಡೆ" ಎಂದರು ಚಿಕ್ಕಮ್ಮ. "ಹೋದ ವರ್ಷದ್ದನ್ನೇ ತೊಳೆದು ಒಣಗಿಸಿ ಮತ್ತೆ ಕಳಿಸಿದೀರಲ್ಲ!"

ನಾನು ಬಾಯಿ ತೆರೆದೆ. ಮೇಡಂ ನನ್ನ ಕಾಲು ತುಳಿದರು. "ಸಹಿ ನಂದೇ ಕಣಮ್ಮ. ಶುಕ್ರವಾರದವರೆಗೆ ನೋಡು" ಎಂದರು.

ಗುರುವಾರ ಫಸ್ಟ್ ಬೆಂಚ್ ಬಂದಾಗಲೇ ಅವಳ ಕಣ್ಣು ಕೆಂಪಾಗಿದ್ದವು. ಬೆಳಗ್ಗೆ ಐದಕ್ಕೆ ಏಳುವುದು, ತರಗತಿ, ಎರಡು ಬಸ್ಸು, ವಾಪಸ್ ಮತ್ತೆರಡು ಬಸ್ಸು, ಮನೆಯಲ್ಲಿ ಪಾತ್ರೆ. ನಾಲ್ಕನೇ ಕಿಟಕಿಯ ಹತ್ತಿರ, ಹುಡುಗಿಯಿಂದ ಒಂದು ಕುರ್ಚಿ ಬಿಟ್ಟು ಕೂತಳು. ಪೆನ್ನಿನ ಮುಚ್ಚಳ ಕಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳ ತಲೆ ಒಂದು ಕಡೆಗೆ ವಾಲಿತು, ಬಾಯಿ ತೆರೆದುಕೊಂಡಿತು. ಫೀಲ್ಡ್ ವರ್ಕಿಗೆ ಬಂದ ನಮ್ಮ ಮೊದಲ ರ‍್ಯಾಂಕು ಗೊರಕೆ ಹೊಡೆಯತೊಡಗಿತು.

"ಕೆಲಸದ ಹೊತ್ತಲ್ಲಿ ನಿದ್ದೆನಾ!" ಎಂದು ಚಿಕ್ಕಮ್ಮ ಏಳಹೊರಟರು. ಮೇಡಂ ಅವರ ಸೆರಗು ಹಿಡಿದು ಕೂರಿಸಿದರು.

ಹುಡುಗಿ ತಿರುಗಿ ನೋಡಿದಳು. ತುಂಬಾ ಹೊತ್ತು ನೋಡಿದಳು. ಫಸ್ಟ್ ಬೆಂಚ್ ಕೈಯಿಂದ ಪೆನ್ನು ಜಾರುತ್ತಿತ್ತು. ಅದನ್ನು ಮೆಲ್ಲಗೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅಷ್ಟರಲ್ಲಿ ಟೇಬಲ್ ಟೆನಿಸ್ ಆಡುತ್ತಿದ್ದವರು ಔಟೋ ಅಲ್ಲವೋ ಎಂದು ಕಿರುಚಾಡಿದರು.

"ಶ್! ಮಲಗಿದಾರೆ, ಕಾಣಲ್ವಾ?"

ಇಡೀ ಹಾಲ್ ಗಪ್‌ಚುಪ್ ಆಯಿತು. ಗದರಿಸಿದ್ದಕ್ಕಲ್ಲ, ಆ ದನಿಯನ್ನು ಅಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ.

ಅರ್ಧ ಗಂಟೆಯ ಮೇಲೆ ಫಸ್ಟ್ ಬೆಂಚ್ ಬೆಚ್ಚಿಬಿದ್ದು ಎದ್ದಳು. ಗಲ್ಲ ಒರೆಸಿಕೊಂಡು, ನಮ್ಮನ್ನು ನೋಡಿ, ಎಲ್ಲ ಮುಗಿಯಿತು ಎನ್ನುವ ಮುಖ ಮಾಡಿದಳು.

ಹುಡುಗಿ ಕೇಳಿದಳು, "ಮನೇಲಿ ಮಲಗೋಕೆ ಬಿಡಲ್ವಾಕ್ಕ?"

"ಆರು ಜನಕ್ಕೆ ಒಂದೇ ರೂಮು. ಅಪ್ಪ ಗೊರಕೆ ಹೊಡೀತಾರೆ."

"ನೀವೂ ಹೊಡೀತೀರ." ಹುಡುಗಿ ಮುಂದುವರಿಸಿದಳು, "ನಮ್ಮನೇಲಿ ಗೊರಕೆ ಇಲ್ಲ. ಜಗಳ. ಅದಕ್ಕೇ ಇಲ್ಲಿಗೆ ಬರೋದು, ಇಲ್ಲಿ ಯಾರೂ ನನ್ನ ಬೈಯಲ್ಲ."

ಫಸ್ಟ್ ಬೆಂಚ್ ಬಾಯಿಗೆ ಹತ್ತು ಪ್ರಶ್ನೆ ಬಂದಿರಬೇಕು. ಅವಳು ಆಕಳಿಸಿದಳು, ಅಷ್ಟೇ. ಆಮೇಲೆ ನಡುವಿನ ಖಾಲಿ ಕುರ್ಚಿಗೆ ಹುಡುಗಿಯೇ ಸರಿದು ಕೂತಳು.

ಶುಕ್ರವಾರ ಚಿಕ್ಕಮ್ಮ ಚೀಟಿ ಮುಂದಿಟ್ಟುಕೊಂಡು, "ಈಗ ಇದರಲ್ಲಿ ಏನಂತ ಬರೀಲಿ ಮೇಡಂ?" ಎಂದರು.

"ನಡೆದಿದ್ದನ್ನೇ ಬರಿಯಮ್ಮ. ಈ ಸಲ ನನಗೆ ಸುಳ್ಳು ಸಾಕು."

ಚಿಕ್ಕಮ್ಮ ಜೋರಾಗಿ ಓದಿಕೊಂಡೇ ಬರೆದರು. "ಕೆಲಸದ ವೇಳೆ ನಿದ್ದೆ ಮಾಡಿದಳು. ಎದ್ದ ಮೇಲೆ ಪ್ರಶ್ನೆ ಕೇಳಲಿಲ್ಲ. ಮುಂದುವರಿಯಬಹುದು. ದಿಂಬು ತರತಕ್ಕದ್ದಲ್ಲ."

ವಾಪಸ್ ಬಸ್ಸಿನಲ್ಲಿ ಮೇಡಂಗೆ ಕಿಟಕಿಯ ಸೀಟು ಸಿಕ್ಕಿತು. ಚೀಲ ನನ್ನ ತೊಡೆಯ ಮೇಲಿತ್ತು. ಫೋನು ಬಂತು. ಮಾತ್ರೆ, ಊಟ, ಡಾಕ್ಟರು, ಮಂಡಿ. "ಹೂಂ. ಹೂಂ. ಇಲ್ಲ, ನೋವೇನಿಲ್ಲ" ಎಂದು ಮೇಡಂ ಇಟ್ಟರು. ಆಮೇಲೆ ಹೊರಗೆ ನೋಡುತ್ತಾ ಕೂತರು. ನನಗೂ ಏನನ್ನೂ ಕೇಳುವ ತ್ರಾಣ ಉಳಿದಿರಲಿಲ್ಲ. ಅದರಲ್ಲಿ ನನ್ನ ದೊಡ್ಡಸ್ತಿಕೆಯೇನಿಲ್ಲ, ಐದು ಸಂಜೆ ಕುರ್ಚಿ ಹೊತ್ತು ಭುಜ ಬಿದ್ದುಹೋಗಿತ್ತು. ಐದು ಸ್ಟಾಪು ದಾಟಿದವು, ಆರನೆಯದೂ ದಾಟಿತು.

"ಮಂಡಿ ತುಂಬಾ ನೋಯ್ತಿದೆ ಕಣೋ" ಎಂದರು ಮೇಡಂ, ಕಿಟಕಿಯ ಕಡೆಗೇ ಮುಖಮಾಡಿ. "ಮೆಟ್ಟಿಲು ಅಂದ್ರೆ ಭಯ ಆಗುತ್ತೆ."

ಹೌದಾ ಎಂದು ಬಾಯಿಗೆ ಬಂತು. ಅದೂ ಪ್ರಶ್ನೆಯೇ. ನುಂಗಿಕೊಂಡು, ಅವರು ಕಾಲು ಚಾಚಲೆಂದು ನನ್ನ ಮೊಣಕಾಲು ಒಂದಿಷ್ಟು ಆಚೆಗೆ ಸರಿಸಿದೆ.