ತಿಕ್ಕಿ ತೊಳೆದ ಹಲ್ಲು

ಅಥವಾ ಆ ಹಲ್ಲು ಅರಿಷಿಣದ ಬಟ್ಟೆಯಲ್ಲಿ ಇರಲಿಲ್ಲವೇನೋ. ಸ್ಟೀಲಿನ ಡಬ್ಬಿಯಲ್ಲಿ ಇತ್ತೋ ಏನೋ. ಇದನ್ನು ಈಗಾಗಲೇ ಮೂರು ಸಲ ಬರೆದಿದ್ದೇನೆ, ಮೂರು ಸಲವೂ ಅರಿಷಿಣದ ಬಟ್ಟೆ ಎಂದೇ ಬಂದಿದೆ. ನನಗೆ ಅನುಮಾನ ಹುಟ್ಟಿದ್ದೇ ಅದರಿಂದ. ಎರಡನೆಯ ಸಲ ಬರೆದಾಗ ನೆನಪಾದದ್ದು ಆ ದಿನವಲ್ಲ, ಮೊದಲ ಸಲ ಬರೆದ ವಾಕ್ಯ. ಆ ದಿನದ ನೋಟ್‌ಬುಕ್ಕಿನಲ್ಲಿ ಇರುವುದು ಇಷ್ಟೇ: ಹೆಂಗಸು, ಮೇಲಿನ ಮುಂದಿನ ಹಲ್ಲು, ಬೇರು ಪೂರ್ತಿ ಇದೆ, ಎಳೆಗಳಿಲ್ಲ.

ರಕ್ತದ ಬಗ್ಗೆ ಮಾತ್ರ ಅನುಮಾನವಿಲ್ಲ. ಸೀರೆಯ ಸೆರಗು, ಗದ್ದ, ಕುತ್ತಿಗೆ, ನನ್ನ ಕುರ್ಚಿಯ ಕೈಹಿಡಿ, ಎಲ್ಲ ಕಡೆ ಇತ್ತು.

ನಾನು ಹಲ್ಲಿನ ಡಾಕ್ಟರು, ಆಗ ಹಲ್ಲನ್ನು ಹಿಡಿದಿಟ್ಟುಕೊಳ್ಳುವ ಎಳೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಗೋಡೆಗೆ ಹೊಡೆದ ಮೊಳೆಯ ಹಾಗೆ ಹಲ್ಲು ಮೂಳೆಯೊಳಗೆ ಕೂತಿರುವುದಿಲ್ಲ. ಬೇರಿಗೂ ದವಡೆಯ ಮೂಳೆಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು, ಆ ಸಂದಿನ ತುಂಬ ಓರೆಯಾಗಿ ಹೆಣೆದ ಎಳೆಗಳು. ಒಂದು ತುದಿ ಬೇರಿನಲ್ಲಿ, ಇನ್ನೊಂದು ಮೂಳೆಯಲ್ಲಿ ಹೂತಿರುತ್ತದೆ. ಹಲ್ಲು ಅವುಗಳಲ್ಲಿ ತೂಗುತ್ತಿರುತ್ತದೆ. ರೊಟ್ಟಿ ಕಡಿದರೆ ಅವು ಬಿಗಿಯುತ್ತವೆ, ಗುದ್ದು ಬಿದ್ದರೆ ಹರಿಯುತ್ತವೆ. ಹೇಗೆ ಹರಿಯುತ್ತವೆ, ಹರಿದವು ಮತ್ತೆ ಹೇಗೆ ಹಿಡಿಯುತ್ತವೆ ಎನ್ನುವುದು ನನ್ನ ಪ್ರಶ್ನೆ. ದಾಂಡೇಲಿಯಲ್ಲಿ ಮಟನ್ ಅಂಗಡಿಯವರೊಬ್ಬರು ನನಗಾಗಿ ಆಡಿನ ಕೆಳದವಡೆಗಳನ್ನು ಎತ್ತಿಡುತ್ತಿದ್ದರು. ಮಾಂಸ ಬಿಟ್ಟು ಹಲ್ಲು ಒಯ್ಯುವ ಗಿರಾಕಿ ಇಡೀ ಪೇಟೆಯಲ್ಲಿ ನಾನೊಬ್ಬಳೇ ಎಂದು ನಗುತ್ತಿದ್ದರು. ದವಡೆಯನ್ನು ಮೇಜಿಗೆ ಬಿಗಿದು, ಹಲ್ಲಿಗೆ ತಂತಿ ಕಟ್ಟಿ, ಸ್ಪ್ರಿಂಗ್ ತಕ್ಕಡಿಯಿಂದ ಎಳೆಯುತ್ತಿದ್ದೆ. ಒದ್ದೆ ಗೋಣಿಚೀಲ ಹರಿದ ಸದ್ದು ಬರುತ್ತಿತ್ತು. ಆ ಸದ್ದಿಗೆ ಮೊದಮೊದಲು ಮುಖ ತಿರುಗಿಸುತ್ತಿದ್ದೆ. ತಿಂಗಳು ಕಳೆಯುವಷ್ಟರಲ್ಲಿ, ಅದು ಬರದಿದ್ದರೆ ತಂತಿ ಜಾರಿದೆ ಎಂದು ಬೇಸರಪಡುವಂತಾದೆ.

ಮನುಷ್ಯರ ಹಲ್ಲೂ ಬೇಕಿತ್ತು. ಕೊಳೆತು ಕಿತ್ತ ಹಲ್ಲು ಪ್ರಯೋಜನಕ್ಕಿಲ್ಲ, ಅದರ ಎಳೆಗಳನ್ನು ಕೀವು ತಿಂದಿರುತ್ತದೆ. ಗಟ್ಟಿಮುಟ್ಟಾದ ಹಲ್ಲು ಬೇರು ಸಮೇತ ಹೊರಬರುವುದು ಏಟು ಬಿದ್ದಾಗ. ಗಣೇಶಗುಡಿಯ ಹೊಳೆಯ ರಾಫ್ಟುಗಳಲ್ಲಿ ಪಕ್ಕದವನ ಹುಟ್ಟಿನ ಹಿಡಿ ಬಾಯಿಗೆ ಬಡಿಯುತ್ತದೆ. ಜೋಯಿಡಾ ರಸ್ತೆಯ ತಿರುವಿನಲ್ಲಿ ಬೈಕು ಮಗುಚುತ್ತದೆ. ಎತ್ತು ತಲೆ ಕೊಡವುತ್ತದೆ. ಗಂಡಸರು ಗಂಡಸರನ್ನು ಗುದ್ದುತ್ತಾರೆ. ನಾನು ವಾರದ ದಿನಗಳನ್ನು ಹಂಚಿಕೊಂಡು ದಾಂಡೇಲಿ, ಹಳಿಯಾಳ, ಮುಂಡಗೋಡಿನ ದವಾಖಾನೆಗಳಲ್ಲಿ ಒಂದೊಂದು ಕುರ್ಚಿ ಇಟ್ಟುಕೊಂಡು ಕಾಯುತ್ತಿದ್ದೆ. ಏನನ್ನು ಕಾಯುತ್ತಿದ್ದೆ ಎಂದು ಆಗ ಹೆಸರಿಟ್ಟು ಹೇಳಿಕೊಳ್ಳಲಿಲ್ಲ.

ಅತ್ತಿವೇರಿಯ ಆಚೆಗಿನ ಹಳ್ಳಿಯೊಂದರಲ್ಲಿ ಹಲ್ಲಿನ ತಪಾಸಣೆ ಶಿಬಿರ ಮಾಡಿದ್ದೆ. ಬಿದ್ದ ಹಲ್ಲು ಎಸೆಯಬೇಡಿ, ನನಗೆ ತಂದುಕೊಡಿ ಎಂದು ಕೇಳಿದ್ದೆ. ಕೊಟ್ಟರು ಕೂಡ, ಮಣ್ಣು ಮೆತ್ತಿದ್ದು, ತಂಬಾಕಿನ ಪುಡಿ ಹತ್ತಿದ್ದು, ಇರುವೆ ಮುತ್ತಿದ್ದು. ಎರಡನೆಯ ಸಲ ಹೋದಾಗ, ತೊಳೆದು ತನ್ನಿ ಎಂದೆನಂತೆ. ಅಂತೆ ಎಂದೇ ಬರೆಯಬೇಕು. ಅಲ್ಲಿ ಎಲೆಯಡಿಕೆ ತಟ್ಟೆ ಹಿಡಿದು ಕೂತಿದ್ದ ಯಾರೋ ಹೆಂಗಸು ನೆನಪಿದ್ದಾಳೆ, ನನ್ನ ಬಾಯಿಂದ ಆ ಮಾತು ಹೊರಟದ್ದು ನೆನಪಿಲ್ಲ.

ನಾಗರ ಪಂಚಮಿಗೆ ಐದು ದಿನ ಇತ್ತು. ಮುಂಡಗೋಡಿನ ಕುರ್ಚಿಗೆ ಆ ಹಳ್ಳಿಯ ಅತ್ತೆ ಸೊಸೆ ಇಬ್ಬರೇ ಬಂದರು. ಸೊಸೆಗೆ ಇಪ್ಪತ್ತೈದರ ಆಸುಪಾಸು, ಬಾಯಿಗೆ ಟವೆಲ್ ಒತ್ತಿಕೊಂಡಿದ್ದಳು. ಹಲ್ಲು ಅತ್ತೆಯ ಕೈಯಲ್ಲಿತ್ತು. ಬಿದ್ದು ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಮುಕ್ಕಾಲು ತಾಸು ಎಂದರು. ಕೈ ಚಾಚಿದೆ. ಒಂದು ತಾಸಿನೊಳಗೆ ತಂದರೆ ಎಳೆಗಳಿಗೆ ಜೀವ ಇರುತ್ತದೆ, ಹಲ್ಲನ್ನು ಅದರ ಗುಳಿಯಲ್ಲಿ ಕೂರಿಸಿದರೆ ಹಿಡಿಯುತ್ತದೆ. ಅತ್ತೆ ಗಂಟು ಬಿಚ್ಚಿದರು. ಹಲ್ಲು ಬಿಳಿ ಕವಡೆಯ ಹಾಗೆ ಹೊಳೆಯುತ್ತಿತ್ತು. ಬೇರಿನ ಮೇಲೆ ಒಂದು ಎಳೆ, ಒಂದು ಚೂರು ಮಾಂಸ ಇರಲಿಲ್ಲ.

"ನೀವ ಹೇಳಿದ್ರಲ್ಲಾ ಡಾಕ್ಟರ ಬಾಯಾರ, ತೊಳದು ತರ್ರಿ ಅಂತ," ಎಂದರು ಅತ್ತೆ. "ಬೂದಿ ಹಚ್ಚಿ ತೆಂಗಿನ ನಾರಿಲೆ ತಿಕ್ಕೇನಿ. ಒಂದೀಟು ಹೊಲಸ ಉಳಿಸಿಲ್ಲ."

ಆ ಹೊಲಸೇ ಹಲ್ಲಿನ ಜೀವ. ಹಾಲಿನಲ್ಲಿ ಹಾಕಿ ತರಬೇಕಿತ್ತು, ಬೇರನ್ನು ಮುಟ್ಟಲೇಬಾರದಿತ್ತು. ನನಗೆ ಮೊದಲು ಯಾರ ಬಗ್ಗೆ ಮರುಕ ಬಂತು ಎಂಬುದನ್ನು ಪ್ರತಿ ಸಲ ತಿದ್ದುತ್ತೇನೆ. ಈ ಸಲ ತಿದ್ದುವುದಿಲ್ಲ. ಹಾಳಾದ ಹಲ್ಲಿನ ಮಾದರಿಗಾಗಿ ಮೊದಲು ಮರುಗಿದೆ, ಹೆಂಗಸಿನ ಮುಖ ಆಮೇಲೆ ಕಂಡಿತು.

ಬಾವಿಕಟ್ಟೆಯ ಮೇಲೆ ಜಾರಿದೆ ಎಂದಳು ಸೊಸೆ. ಮೇಲ್ದುಟಿ ಒಳಗಡೆ ಸೀಳಿತ್ತು, ಮೂಗಿನ ಕೆಳಗೆ ಬಳೆಯ ತುಂಡಿನಂತೆ ಬಾಗಿದ ನೀಲಿ ಬರೆ. ಬಾವಿಕಟ್ಟೆಗೆ ಅಂಥ ಅಂಚು ಇರುವುದಿಲ್ಲ. ನಾನು ಗಾಯವನ್ನೇ ನೋಡುತ್ತಿದ್ದೆ. ಅತ್ತೆಯೇ ಬಾಯಿಬಿಟ್ಟರು. ಹಿತ್ತಾಳೆ ತಂಬಿಗೆ ಎಂದರು. ಬಾಯಿಗೆ ಬೀಳಲಿ ಎಂದು ತಾನು ಎಸೆದದ್ದಲ್ಲ ಎಂದರು.

"ಮತ್ತೆಲ್ಲಿಗೆ ಒಗದ್ರಿ ಅತ್ತಿ, ಹಣಿಗೇನು?" ಸೊಸೆ ಟವೆಲ್ಲಿನ ಒಳಗಿಂದಲೇ ಕೇಳಿದಳು. ನಕ್ಕಳು. ನಕ್ಕದ್ದಕ್ಕೆ ಇನ್ನಷ್ಟು ರಕ್ತ ಬಂತು.

ಆಮೇಲೆ ಅವಳಿಗೆ ಬೇಕಾದದ್ದನ್ನು ಹೇಳಿದಳು. ಪಂಚಮಿಗೆ ತವರಿಗೆ ಕರೆದೊಯ್ಯಲು ಅಣ್ಣ ಬರುತ್ತಾನೆ. ಅಷ್ಟರೊಳಗೆ ಹಲ್ಲು ಬಾಯಲ್ಲಿರಬೇಕು. ಅಣ್ಣ ಹಳಿಯಾಳದಲ್ಲಿ ಕುಸ್ತಿ ಆಡುತ್ತಿದ್ದವನು, ಈಗ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ ಎಂದಾಗ ಅವನು ಯಾರೆಂದು ನನಗೆ ತಿಳಿಯಿತು. ಹಿಂದಿನ ಕಬ್ಬಿನ ಸುಗ್ಗಿಯಲ್ಲಿ ಚಾಲಕನೊಬ್ಬ ಎರಡು ಹಲ್ಲುಗಳನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ನನ್ನ ಹಳಿಯಾಳದ ಕುರ್ಚಿಗೆ ಬಂದಿದ್ದ. ಸಕ್ಕರೆ ಕಾರ್ಖಾನೆಯ ತೂಕದ ಸಾಲಿನಲ್ಲಿ ಟ್ರ್ಯಾಕ್ಟರ್ ಮುಂದೆ ನುಗ್ಗಿಸಿದ್ದಕ್ಕೆ ಈ ಅಣ್ಣ ಒಂದೇ ಗುದ್ದು ಗುದ್ದಿದ್ದ. ತಡವಾಗಿದೆ, ಕೂಡುವುದಿಲ್ಲ ಎಂದು ಹೇಳಿ ಆ ಎರಡನ್ನೂ ಬಾಟಲಿಗೆ ಹಾಕಿದ್ದೆ. ನನ್ನ ಸಂಗ್ರಹದಲ್ಲಿ ಅಷ್ಟು ಉದ್ದ, ಅಷ್ಟು ತಾಜಾ ಎಳೆಗಳಿದ್ದ ಹಲ್ಲು ಬೇರೆ ಇರಲಿಲ್ಲ.

"ನಮ್ಮಣ್ಣ ಅತ್ತಿ ಮ್ಯಾಲೆ ಕೈ ಎತ್ತಾಂವಲ್ಲ," ಎಂದಳು. "ಇವರ ಮಗನ್ನ ಹೊಡಿತಾನ. ಅವರು ಆವಾಗ ಮನ್ಯಾಗ ಇರಲೇ ಇಲ್ರಿ. ಅವರ ಮೈಯಾಗ ಒಂದು ಗುದ್ದು ತಡಿಯೂ ಅಷ್ಟು ಜೀವ ಇಲ್ಲ."

ಅತ್ತೆ ಹಲ್ಲನ್ನು ನನ್ನ ಕೈಗಿಟ್ಟರು.

ಹಲ್ಲನ್ನು ಕೂರಿಸಿದೆ. ಇದನ್ನು ಮೆದುವಾಗಿ ಬರೆಯಲಾಗದು. ಗುಳಿಯಲ್ಲಿ ಹೆಪ್ಪುಗಟ್ಟಿದ್ದ ರಕ್ತವನ್ನು ಕೆದರಿ ತೆಗೆದೆ. ಬೆರಳಿನಿಂದ ಒತ್ತಿದರೆ ಹಲ್ಲು ಅರ್ಧಕ್ಕೇ ನಿಂತಿತು, ಮೂಳೆಯ ಸಣ್ಣ ಚಕ್ಕೆಯೊಂದು ಮುರಿದು ಅಡ್ಡ ಬಂದಿತ್ತು. ಅದನ್ನು ಇಕ್ಕಳದಿಂದ ಹಿಂದಕ್ಕೆ ದೂಡಿ, ಇನ್ನೊಮ್ಮೆ ಮೈಭಾರ ಹಾಕಿ ಒತ್ತಿದೆ. ಅವಳ ಹಿಮ್ಮಡಿಗಳು ಕುರ್ಚಿಯನ್ನು ಒದ್ದವು. ಅತ್ತೆ ಅವಳ ಎರಡೂ ಕೈಗಳನ್ನು ಹಿಡಿದುಕೊಂಡರು, ಬಿಡಿಸಿಕೊಂಡಾಗ ಮಣಿಕಟ್ಟಿನ ಮೇಲೆ ಅವರ ಉಗುರಿನ ಗುರುತಿತ್ತು. ಟಕ್ ಎಂದು ಕೂತಿತು. ಪಕ್ಕದ ಹಲ್ಲುಗಳಿಗೆ ತಂತಿ ಕಟ್ಟುವುದು ಮುಂಭಾಗದಲ್ಲಿ. ಅವಳಿಗೆ ಮಾತ್ರ ನಾಲಿಗೆಯ ಕಡೆಯಿಂದ ಕಟ್ಟಿದೆ, ನಕ್ಕರೂ ಕಾಣಬಾರದು ಎಂದು.

ಎಳೆ ಇಲ್ಲದ ಬೇರನ್ನು ದೇಹ ಹಲ್ಲೆಂದು ಲೆಕ್ಕಿಸುವುದಿಲ್ಲ. ಒಂದೋ ಅದು ಅಲುಗಿ ಹೊರಬರುತ್ತದೆ, ಇಲ್ಲವೇ ಮೂಳೆ ನೇರವಾಗಿ ಬೇರಿಗೆ ಅಂಟಿ ವರ್ಷಗಟ್ಟಲೆ ಅದನ್ನು ತಿನ್ನುತ್ತದೆ. ಇದನ್ನು ಹೇಳಿದೆ. ವರ್ಷದ ಮಾತು ಬೇಡ, ಐದು ದಿನದ್ದು ಹೇಳಿ ಎಂದಳು. ಮುಂದಿನ ಹಲ್ಲಿನಿಂದ ಏನನ್ನೂ ಕಡಿಯದಿದ್ದರೆ ನಿಂತೀತು ಎಂದೆ.

ಆಗ ಅವಳ ಮುಖ ಇಳಿಯಿತು. ಅಣ್ಣ ಬರುವಾಗ ಅವ್ವ ಕಟ್ಟಿದ ಎಳ್ಳಿನ ಉಂಡಿ ತರುತ್ತಾನೆ, ಬೆಲ್ಲದ ಪಾಕ ಕಲ್ಲಿನಷ್ಟು ಗಟ್ಟಿ. ಚಿಕ್ಕಂದಿನಿಂದ ಅವರಿಬ್ಬರ ಪದ್ಧತಿ ಒಂದೇ: ಹೊಸ್ತಿಲ ಮೇಲೆ ನಿಂತು ಒಂದು ಉಂಡಿಯನ್ನು ಅವನ ಕೈಯಿಂದಲೇ ಅವಳು ಮೊದಲು ಕಡಿಯಬೇಕು, ಉಳಿದದ್ದು ಅವನಿಗೆ. ಪುಡಿಮಾಡಿ ತಿನ್ನು ಎಂದೆ. ಹಲ್ಲುನೋವು ಎನ್ನು ಎಂದೆ.

"ನೋವು ಅಂದ್ರ ಬಾಯಿ ತಗಿ, ನೋಡೂಣು ಅಂತಾನ್ರಿ," ಎಂದಳು.

ಎರಡು ವಾರ ಬಿಟ್ಟು ತಂತಿ ಬಿಚ್ಚಲು ಬಾ ಎಂದು ಕಳಿಸಿದೆ. ತವರು ಹಳಿಯಾಳದಲ್ಲೇ, ಅಲ್ಲಿನ ಕುರ್ಚಿಗೇ ಬರುತ್ತೇನೆ ಎಂದಳು.

ಪಂಚಮಿ ಕಳೆದ ಮೂರನೆಯ ದಿನವೋ ನಾಲ್ಕನೆಯದೋ, ಹಳಿಯಾಳದ ದವಾಖಾನೆಯ ದೊಡ್ಡ ಡಾಕ್ಟರು ನನ್ನನ್ನು ಪಕ್ಕದ ಕೋಣೆಗೆ ಕರೆದರು. ಅಲ್ಲಿ ಅಣ್ಣ ಕೂತಿದ್ದ. ಹಿಂದೆ ಅವನನ್ನು ದೂರದಿಂದ ಕಂಡಿದ್ದೆ, ಹತ್ತಿರದಿಂದ ಅದೇ ಮೊದಲು. ಬಲಗೈ ಗೆಣ್ಣುಗಳು ಒಡೆದು, ಬಾತು, ಕೀವು ತುಂಬಿದ್ದವು. ಇದು ಹಲ್ಲಿನ ಗಾಯವೇ ನೋಡಿ ಎಂದರು ಡಾಕ್ಟರು. ಹಲ್ಲಿನದೇ, ಗುದ್ದಿದ ಕೈಗೆ ಎದುರಿನವರ ಹಲ್ಲು ನಾಟಿದ್ದು. ಎರಡು ಗೆಣ್ಣುಗಳ ನಡುವೆ ಮೂಳೆ ಕಾಣುವಷ್ಟು ಆಳ. ಡಾಕ್ಟರು ಒತ್ತಿ ತೊಳೆದರು, ಅವನು ಕೈ ಹಿಂದೆಗೆಯಲಿಲ್ಲ.

ಎದುರಿನವರ ಹಲ್ಲು ಬಿದ್ದವೇ ಎಂದು ಕೇಳಿದೆ.

"ಎಣಿಸಿಲ್ರಿ," ಎಂದ.

ತಂಗಿ ಬಂದಿದ್ದಾಳೆಯೇ ಎಂದೂ ಕೇಳಿದೆ. ಯಾವ ತಂಗಿ, ನಿಮಗೆ ಹೇಗೆ ಗೊತ್ತು ಎಂದು ಅವನು ಕೇಳಬೇಕಿತ್ತು. ಕೇಳಲಿಲ್ಲ. ಹೂಂ, ಬಂದಾಳ ಎಂದ, ಕೈಯ ಪಟ್ಟಿ ನೋಡಿಕೊಂಡ, ಎದ್ದು ಹೋದ.

ಎರಡು ವಾರ ಕಳೆಯಿತು, ತಿಂಗಳೂ ಕಳೆಯಿತು. ತಂತಿ ಬಿಚ್ಚಿಸಲು ಅವಳು ಬರಲಿಲ್ಲ. ತವರುಮನೆ ದವಾಖಾನೆಯಿಂದ ನಡೆದು ಹೋಗುವಷ್ಟು ಹತ್ತಿರ, ಅತ್ತೆಯ ಹಳ್ಳಿಗೆ ದಿನಾ ಬಸ್ಸಿತ್ತು. ನಾನು ಎರಡೂ ಕಡೆ ಹೋಗಲಿಲ್ಲ. ಆ ಕೈ ಬಡಿದದ್ದು ಅವಳ ಗಂಡನ ಬಾಯಿಗೋ, ಬೇರೆ ಯಾರದೋ ಬಾಯಿಗೋ, ನನಗೆ ಗೊತ್ತಿಲ್ಲ. ಅವಳು ಉಂಡಿ ಕಡಿದಳೋ ಇಲ್ಲವೋ, ಹಲ್ಲು ನಿಂತಿತೋ ಇಲ್ಲವೋ, ಅದೂ ಗೊತ್ತಿಲ್ಲ.