ಬೀಮಿನ ಸರ್ ಮತ್ತು ನಾನು ಹಚ್ಚಿದ ಸುಣ್ಣ

ಅವರ ಹತ್ತೂ ಉಗುರುಗಳ ಅಂಚಿನಲ್ಲಿ ಅಂಟು ಒಣಗಿ ಕಪ್ಪಗೆ ಕೂತಿರುತ್ತಿತ್ತು. ಊಟಕ್ಕೆ ಕುಳಿತರೆ ರೊಟ್ಟಿ ಮುರಿಯುವ ಮೊದಲೇ ಕೈ ತೋರಿಸಿ, "ತೊಳದೀನ್ರಿ, ಇದು ಹೋಗೂದಲ್ಲ" ಎನ್ನುತ್ತಿದ್ದರು. ಖಾಸಬಾಗದ ಮನೆಯಿಂದ ಬೆಳಗಿನ ರೈಲಿನಲ್ಲಿ ಖಾನಾಪುರದ ನಮ್ಮ ಶಾಲೆಯ ದುರಸ್ತಿಗೆ ಬರುತ್ತಿದ್ದ ಇಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರು. ಎರಡು ಸಾವಿರದ ಇಸವಿಯ ಆಸುಪಾಸು. ಮಕ್ಕಳು ಇಟ್ಟ ಹೆಸರು ಬೀಮಿನ ಸರ್.

ನಾನು ಪಾಠ ಹೇಳುತ್ತಿದ್ದ ಮೂರನೆಯ ತರಗತಿಯ ಛಾವಣಿ ಹೊತ್ತ ಕಾಂಕ್ರೀಟ್ ಬೀಮು ಬಿರುಕು ಬಿಟ್ಟಿತ್ತು. ಅದರ ಕೆಳಮೈಗೆ ಕಾರ್ಬನ್ ನಾರಿನ ತೆಳು ಪಟ್ಟಿ ಅಂಟಿಸಿದರೆ ಬಲ ಬರುತ್ತದೆ ಎಂದರು. ಮಕ್ಕಳನ್ನು ವರಾಂಡಕ್ಕೆ ಕಳಿಸಿ, ಬೀಮಿಗೆ ಆಸರೆ ಕೊಟ್ಟು, ಒಳಗಿನ ಜಲ್ಲಿಕಲ್ಲು ಕಾಣುವವರೆಗೆ ಕೆಲಸದವರಿಂದ ಅದನ್ನು ಉಜ್ಜಿಸಿದರು. ಯಾರೂ ಮುಟ್ಟಬಾರದೆಂದು ಹೇಳಿ ಸಂಜೆಯ ರೈಲು ಹಿಡಿದರು.

ನಾನು ಮುಟ್ಟಿದೆ. ಮರುದಿನ ತಪಾಸಣೆಗೆ ಸಾಹೇಬರು ಬರುವವರಿದ್ದರು. ಬಾಗಿಲಿಗೆ ಎದುರಾಗಿದ್ದ ಬೀಮಿನ ತುದಿ ಗಜ್ಜಿ ಹತ್ತಿದ ನಾಯಿಯಂತೆ ಕಾಣುತ್ತಿತ್ತು. ಬೆಂಚು ಹತ್ತಿ ಅಷ್ಟಕ್ಕೆ ಮಾತ್ರ ಸುಣ್ಣ ಹಚ್ಚಿದೆ. ಸಾಹೇಬರು ತಲೆ ಎತ್ತಿಯೂ ನೋಡಲಿಲ್ಲ. ಆಮೇಲೆ ಸರ್ ಬರುವ ಮೊದಲೇ ಕೆಲಸದವರು ಅವರು ಹೇಳಿಕೊಟ್ಟ ಹದದಲ್ಲಿ ಅಂಟು ಕಲಸಿ, ಸುಣ್ಣದ ಮೇಲೆಯೇ ಪಟ್ಟಿ ಅಂಟಿಸಿಬಿಟ್ಟರು.

ವಾರದ ನಂತರ ಸರ್ ಏಣಿ ಹತ್ತಿ ನಾಣ್ಯದಿಂದ ಪಟ್ಟಿಯುದ್ದಕ್ಕೂ ಬಡಿದರು. ಎಲ್ಲ ಕಡೆ ಟಣ್ ಎಂದಿತು, ತುದಿಯಲ್ಲಿ ಮಾತ್ರ ಡಬ್. ಪೊಳ್ಳು ಸದ್ದು ಬಂದಲ್ಲಿ ಪಟ್ಟಿ ಬಿಟ್ಟಿದೆ, ಭಾರ ಬಿದ್ದರೆ ಅಲ್ಲಿಂದಲೇ ಸಿಪ್ಪೆಯಂತೆ ಸುಲಿದು ಬರುತ್ತದೆ ಎಂದರು. ಇಳಿದು ಮಕ್ಕಳ ಬೆಂಚಿನ ಮೇಲೆ ಕುಳಿತರು.

"ನನ್ನ ಅಂಟಿನ ಹದಾನ ತಪ್ಪೈತ್ರಿ ಅಕ್ಕೋರ. ಹುಡುಗೂರ ತಲಿ ಮ್ಯಾಲಿನ ಕೆಲಸ ಇದು. ಇನ್ನ ನಾ ಇದನ್ನ ಎಲ್ಲೂ ಮಾಡಂಗಿಲ್ಲ."

ವರ್ಷಗಟ್ಟಲೆ ದುಡಿದು ಗಳಿಸಿದ ವಿದ್ಯೆಯನ್ನು ಅವರು ಅಲ್ಲೇ ಬಿಟ್ಟು ಏಳುವವರಿದ್ದರು. ಸುಣ್ಣದ ಸಂಗತಿ ಹೇಳಿದೆ. ಅವರು ಮತ್ತೆ ಏಣಿ ಹತ್ತಿ ಉಳಿಯಿಂದ ತುದಿಯನ್ನು ಎಬ್ಬಿಸಿದರು. ಪಟ್ಟಿಯ ಬೆನ್ನಿಗೆ ನನ್ನ ಸುಣ್ಣ, ಬ್ರಶ್ಶಿನ ಗೆರೆಗಳ ಸಮೇತ, ಹಾಗೇ ಅಂಟಿಕೊಂಡು ಬಂತು. ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು.

"ಅಂಟು ಗಟ್ಟಿ ಹಿಡದೈತಿ ನೋಡ್ರಿ, ಬೀಮ್ ಬಿಟ್ಟಿದ್ದು ಸುಣ್ಣ. ಸುಣ್ಣಾನೂ ಭಾಳ ಚಂದ ಹಚ್ಚೀರಿ."

ಎಲ್ಲ ಕಿತ್ತು ಹೊಸದಾಗಿ ಮಾಡಿದರು. ಯಾಕೆ ಹೀಗಾಯಿತೆಂದು ಮುಖ್ಯೋಪಾಧ್ಯಾಯಿನಿ ಕೇಳಿದಾಗ ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು: "ಯಾಕ ಮುಟ್ಟಬಾರ್ದು ಅಂತ ನಾ ಹೇಳಿರ್ಲಿಲ್ರಿ. ತಪ್ಪು ನಂದು." ಕಾಲೇಜಿಗೆ ಕೊಟ್ಟ ಕೆಲಸದ ವರದಿಯಲ್ಲೂ ಹಾಗೆಯೇ ಬರೆದರು. ಅಂದಿನಿಂದ ಕಾರಣ ಹೇಳದೆ ಯಾವ ಮಗುವಿಗೂ ನಾನು ಬೇಡ ಎಂದಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಆ ವರದಿ ಈಗಲೂ ಅವರ ಮಗಳ ಹತ್ತಿರ ಇದೆಯಂತೆ. ಅದರ ಜೊತೆ ಇಡಲೆಂದು, ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಇದನ್ನು ಅವಳಿಗೆ ಕಳಿಸುತ್ತಿದ್ದೇನೆ. ತಪ್ಪು ನಿಮ್ಮ ಅಪ್ಪಂದಲ್ಲವ್ವ, ನಂದು.